ಪಾಳವಣಕರ ಬಾಳೂ: ಧಾರವಾಡದಲ್ಲಿ ಹುಟ್ಟಿದ ನಮ್ಮ ಚೆಂಡುಗಾರ



ವಾರ್ಷಿಕೋತ್ಸವದ ಸಂಚಿಕೆಗೆ ನೀವೂ ಏನರೆ ಬರೀರಿ ಅಂತ ಸಂಘದ ಹುಡುಗರು ಬಂದು ಕೂತಾಗ ಏನು ಬರೆಯಬೇಕು ಅಂತ ನನಗೆ ತಿಳಿದಿರಲಿಲ್ಲ. ಅದೇ ವಾರ ನಮ್ಮ ಓಣಿಯ ಒಬ್ಬ ಹುಡುಗ ಕ್ರಿಕೆಟ್ ಆಯ್ಕೆಗೆ ಹೋಗಿ ಸಪ್ಪೆ ಮಾರಿ ಮಾಡಿಕೊಂಡು ಬಂದಿದ್ದ. ಎಡಗೈಲಿಂದ ಚೆಂಡು ತಿರುಗಿಸುತ್ತಾನೆ, ನೀವೂ ನೋಡಿದ್ದೀರಿ. ಆರು ಚೆಂಡು ಹಾಕಿಸಿಕೊಂಡರಂತೆ. ಅದಕ್ಕೂ ಮೊದಲು ಅಡ್ಡಹೆಸರು ಕೇಳಿದರಂತೆ. ಯಾವ ಊರು, ಯಾವ ಸಂಸ್ಥೆ ಅಂತ ನಾ ಇಲ್ಲಿ ಬರೆಯೋದಿಲ್ಲ. ಆದರೆ ಆ ಹುಡುಗನ ಮಾರಿ ನೋಡಿದ ಮ್ಯಾಲೆ ಬರೆಯೋದು ಯಾರ ಮ್ಯಾಲೆ ಅನ್ನೋದು ಗಟ್ಟಿಯಾಯಿತು. ನೂರು ವರ್ಷಕ್ಕೂ ಹಿಂದೆ ಇಂಥದೇ ಎಡಗೈಯ ಒಬ್ಬ ಹುಡುಗ ಇದ್ದ. ಅವನ ಹೆಸರು ಬಾಳೂ, ಮನೆತನದ ಹೆಸರು ಪಾಳವಣಕರ.

ಮೊದಲು ಊರಿನ ಲೆಕ್ಕ ಮುಗಿಸೋಣ. ಮನೆತನದ ಮೂಲ ಕೊಂಕಣದ ಪಾಳವಣಿ. ಹೆಸರು ಬಂದದ್ದು ಅಲ್ಲಿಂದ. ಜಾತಿ ಚಾಂಭಾರ, ನಮ್ಮ ಕಡೆ ಸಮಗಾರ ಅಂತೀವಿ. ಹುಟ್ಟಿದ್ದು ಮಾತ್ರ ಧಾರವಾಡದಲ್ಲಿ, 1876ರ ಸುಮಾರಿಗೆ. ಮಿರಜದಿಂದ ಬೆಳಗಾವಿ ಹಾದು ರೈಲು ಹತ್ತಿ ಹೋದರೆ ಸಿಗುವ ಅದೇ ಧಾರವಾಡ. ತಂದೆ ಇಂಗ್ಲಿಷರ ಫೌಜಿನ ಚಾಕರಿಯವರು. ಆ ಕಾಲದಾಗ ನಮ್ಮ ಜನಕ್ಕೆ ಊರ ಹೊರಗಿನ ಕೇರಿ ಬಿಟ್ಟು ಬೇರೆ ಬದುಕು ಅಂತ ಇದ್ದರೆ ಅದು ಫೌಜಿನಲ್ಲಿ. ಬಾಬಾಸಾಹೇಬರ ತಂದೆ ರಾಮಜಿ ಸಕಪಾಳರೂ ಫೌಜಿನವರೇ ಅನ್ನೋದು ನಿಮಗೆ ಗೊತ್ತಿದೆ. ಬಾಳೂನ ಮನೆಯವರು ಮುಂದೆ ಪುಣೆಗೆ ಬಂದರು. ಅಲ್ಲಿ ಸಾಹೇಬರು ಆಡಿ ಬಿಸಾಕಿದ ಬ್ಯಾಟು, ಚೆಂಡು ಹಿಡಿದು ಬಾಳೂ ಮತ್ತು ಅವನ ತಮ್ಮ ಶಿವರಾಮ ಆಟ ಕಲಿತರು. ಹಿಂದೆ ಇನ್ನೂ ಇಬ್ಬರು ತಮ್ಮಂದಿರಿದ್ದರು, ವಿಠ್ಠಲ ಮತ್ತು ಗಣಪತ. ನಾಲ್ಕೂ ಮಂದಿ ಮುಂದೆ ದೊಡ್ಡ ಆಟಗಾರರಾದರು. ಒಂದೇ ಸಮಗಾರ ಮನೆಯಿಂದ ನಾಲ್ಕು ಜನ!

ಬಾಳೂನ ಮೊದಲ ನೌಕರಿ ಪುಣೆಯ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಕೆಲಸ ಏನಂದರೆ ಮೈದಾನ ಗುಡಿಸೋದು, ಪಿಚ್ ಮ್ಯಾಲೆ ರೋಲರ್ ಎಳೆಯೋದು. ಪಗಾರ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಗೋರಾ ಸಾಹೇಬರ ಪೂನಾ ಕ್ಲಬ್ಬಿಗೆ ಹೋದ, ಪಗಾರ 4 ರೂಪಾಯಿ ಆಯಿತು. ಪಿಚ್ ಉರುಳಿಸಬೇಕು, ಗೆರೆ ಹಾಕಬೇಕು, ಬಲೆ ಕಟ್ಟಬೇಕು, ಟೆನಿಸ್ ಅಂಗಳ ಬಳಿಯಬೇಕು. ಒಂದು ದಿನ ಒಬ್ಬ ಸಾಹೇಬ ಇವನ ಕೈಗೆ ಚೆಂಡು ಕೊಟ್ಟು ಹಾಕು ನೋಡೋಣ ಅಂದ. ಅಲ್ಲಿಂದ ಶುರುವಾಯಿತು.

ಈಗ ನಿಂತು ಒಂದು ಮಾತು. ಚೆಂಡುಗಾರನನ್ನು ಅಳೆಯೋದು ಹೆಂಗ? ಆಯ್ಕೆಗೆ ಹೋಗುವ ಹುಡುಗರು ಇದನ್ನ ಗಮನ ಕೊಟ್ಟು ಓದಿರಿ. ಆರು ಚೆಂಡಿನಾಗ ಒಂದು ಚೆಂಡು ಗಿರ್ರನೆ ತಿರುಗಿತು ಅಂದರೆ ನೋಡುವವರು ಚಪ್ಪಾಳೆ ಹೊಡೀತಾರೆ. ಆದರೆ ತಿಳಿದವ ನೋಡೋದು ಉಳಿದ ಐದು ಚೆಂಡುಗಳನ್ನು. ಅವು ಬೇಕಾದ ಜಾಗದಾಗ ಬಿದ್ದವೋ ಇಲ್ಲವೋ? ಮೂವತ್ತನೆಯ ಓವರಿನಾಗ ಕೈ ಸೋತಾಗಲೂ ಅಲ್ಲೇ ಬೀಳತಾವೋ ಇಲ್ಲವೋ? ಒಂದೇ ಓಟ, ಒಂದೇ ತೋಳು, ಆದರೆ ಒಂದು ಚೆಂಡು ನಿಧಾನ, ಒಂದು ಬೇಗ, ಒಂದು ಒಳಗೆ, ಒಂದು ಹೊರಗೆ. ಇದು ಬ್ಯಾಟಿನವನಿಗೆ ಮೊದಲೇ ತಿಳೀತದೋ ಇಲ್ಲವೋ? ಒಣ ಪಿಚ್ಚಿನಾಗ ಯಾರು ಬೇಕಾದರೂ ತಿರುಗಿಸ್ತಾರೆ. ಗಟ್ಟಿ ಪಿಚ್ಚಿನಾಗ ಏನು ಮಾಡ್ತಾನೆ ಅನ್ನೋದು ಪರೀಕ್ಷೆ. ಬಾಳೂ ಎಡಗೈಯ ನಿಧಾನ ಚೆಂಡುಗಾರ. ಎರಡೂ ಕಡೆ ತಿರುಗಿಸಬಲ್ಲವ, ವೇಗ ಬದಲಿಸಬಲ್ಲವ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವಿಲ್ಫ್ರೆಡ್ ರೋಡ್ಸ್ ಅಂತ ದೊಡ್ಡ ಎಡಗೈ ಚೆಂಡುಗಾರ ಇದ್ದ. ಮುಂದೆ ಜನ ಬಾಳೂನನ್ನು ಅವನ ಜತೆ ಹೋಲಿಸಿದರು.

ಪೂನಾ ಕ್ಲಬ್ಬಿನಲ್ಲಿ ಬಾಳೂನನ್ನು ಸರಿಯಾಗಿ ಅಳೆದವ ಒಬ್ಬನೇ, ಕ್ಯಾಪ್ಟನ್ ಗ್ರೇಗ್. ಆಗ ಭಾರತದಾಗ ಇದ್ದ ಗೋರಾ ಬ್ಯಾಟುಗಾರರ ಪೈಕಿ ದೊಡ್ಡವ ಅಂತ ಹೆಸರು. ಉಳಿದ ಸಾಹೇಬರಿಗಿಂತ ಒಂದು ತಾಸು ಮೊದಲೇ ಬಂದು ಬಾಳೂನ ಚೆಂಡು ಆಡಿ ಕೈ ಪಳಗಿಸಿಕೊಳ್ಳುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದ ಅಂತ ಒಂದು ಕಥೆ ಇದೆ. ಖರೇನೋ ಸುಳ್ಳೋ, ಕಥೆ ಚಂದ ಇದೆ. ತಿಂಗಳಿಗೆ 4 ರೂಪಾಯಿ ಇದ್ದವನಿಗೆ ಎಂಟಾಣೆ ಅಂದರೆ ಎಷ್ಟು, ನೀವೇ ಲೆಕ್ಕ ಹಾಕಿರಿ. ಆದರೆ ಒಂದು ಸಂಗತಿ ಮರೀಬ್ಯಾಡ್ರಿ. ಅಷ್ಟು ವರ್ಷ, ಅಷ್ಟು ತಾಸು ಸಾಹೇಬರಿಗೆ ಚೆಂಡು ಹಾಕಿದ ಬಾಳೂನ ಕೈಗೆ ಅಲ್ಲಿ ಬ್ಯಾಟು ಮಾತ್ರ ಕೊಡಲಿಲ್ಲ. ಬ್ಯಾಟು ಹಿಡಿಯೋದು ದೊಡ್ಡವರ ಕೆಲಸ, ಚೆಂಡು ಹಾಕೋದು ಆಳಿನ ಕೆಲಸ.

ಅದೇ ಊರಿನಾಗ ಹಿಂದೂಗಳದೊಂದು ತಂಡ ಇತ್ತು. ಗೋರಾಗಳನ್ನು ಸೋಲಿಸಬೇಕು ಅಂತ ಭಾಳ ಆಸೆ. ಸೋಲಿಸಬಲ್ಲ ಕೈ ಕಣ್ಣೆದುರೇ ಇತ್ತು. ಆದರೆ ಕೈ ಸಮಗಾರನದು. ತಂಡದೊಳಗೆ ಎರಡು ಪಕ್ಷ ಆದವು. ತೆಲುಗು ಮಂದಿ ಬಾಳೂ ಬೇಕು ಅಂದರು, ಪುಣೆಯ ಬ್ರಾಹ್ಮಣರು ಬ್ಯಾಡ ಅಂದರು. ಕಡೆಗೆ ಎದುರಾಳಿ ತಂಡದ ಗ್ರೇಗ್ ಸಾಹೇಬನೇ ಪತ್ರಿಕೆಯವರ ಮುಂದೆ, ಇಂಥವನನ್ನು ಕಳಕೊಂಡರೆ ಹಿಂದೂಗಳು ಮೂರ್ಖರು ಅನ್ನೋ ಅರ್ಥದ ಮಾತು ಆಡಿದ. ನೋಡ್ರಿ, ನಮ್ಮವನ ಬೆಲೆ ನಮ್ಮ ಊರಿನವರಿಗೆ ಎದುರಾಳಿ ಹೇಳಬೇಕಾಯಿತು. ಗ್ರೇಗನಿಗೆ ನಮ್ಮ ಜನರ ಮ್ಯಾಲೆ ಪ್ರೀತಿ ಇತ್ತು ಅಂತ ನಾನು ಹೇಳೋದಿಲ್ಲ. ಅವನಿಗೆ ಒಳ್ಳೆಯ ಚೆಂಡುಗಾರನ ಎದುರು ಆಡೋ ಹಸಿವು ಇತ್ತು, ಅಷ್ಟೇ.

ಬಾಳೂನನ್ನು ತಂಡಕ್ಕೆ ಸೇರಿಸಿಕೊಂಡರು. ಆದರೆ ಹೆಂಗ ಸೇರಿಸಿಕೊಂಡರು ಕೇಳಿರಿ. ಮೈದಾನದೊಳಗೆ ಅವ ಮುಟ್ಟಿದ ಚೆಂಡನ್ನು ಎಲ್ಲಾರೂ ಮುಟ್ಟತಿದ್ದರು. ಚಹಾದ ಹೊತ್ತಿಗೆ ಎಲ್ಲಾರೂ ಪೆವಿಲಿಯನ್ ಒಳಗೆ ಕಪ್‌ಬಸಿಯಲ್ಲಿ ಕುಡಿದರೆ ಬಾಳೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು, ಕುಡಿದು ಬಿಸಾಕಬೇಕು. ಮಾರಿ ತೊಳೀಬೇಕಂದರೆ ಕ್ಲಬ್ಬಿನ ನಮ್ಮವನೇ ಆದ ಒಬ್ಬ ಆಳು ಮೈದಾನದ ಮೂಲೆಗೆ ಕಿಟ್ಲಿಯಲ್ಲಿ ನೀರು ತಂದು ಸುರೀಬೇಕು. ಊಟಕ್ಕೆ ಬೇರೆ ಮೇಜು, ಬೇರೆ ತಾಟು. ಚೆಂಡಿಗೆ ಇಲ್ಲದ ಮೈಲಿಗೆ ಬಸಿಗೆ ಹೆಂಗ ಬಂತು? ಬೌದ್ಧಿಕದಾಗ ದೊಡ್ಡ ದೊಡ್ಡ ಪ್ರಶ್ನೆ ಕೇಳುವ ನಮ್ಮ ಹುಡುಗರು ಇದನ್ನೂ ಒಮ್ಮೆ ಕೇಳಲಿ.

ಇನ್ನು ಸಾತಾರದ ಕಥೆ. ನಮ್ಮ ಈ ಜಿಲ್ಲೆಗೆ 1949ರಿಂದ 1960ರ ತನಕ ದಕ್ಷಿಣ ಸಾತಾರಾ ಅಂತಲೇ ಹೆಸರಿತ್ತು. ಹಿರಿಯರಿಗೆ ನೆನಪಿದೆ. ಹಂಗಾಗಿ ಈ ಕಥೆ ಅರ್ಧ ನಮ್ಮದೇ ಅನ್ನಿರಿ. ಪುಣೆಯ ಹಿಂದೂ ತಂಡ ಸಾತಾರದ ಗೋರಾ ಜಿಮಖಾನಾದ ಮ್ಯಾಲೆ ಆಡಲಿಕ್ಕೆ ಹೋಯಿತು. ಬಾಳೂ ಬರ್ತಾನ ಅಂತ ತಿಳಿದ ಸಾಹೇಬರು ಒಂದು ವಾರ ಪಿಚ್ಚಿಗೆ ರೋಲರ್ ಹಾಕಿಸಿ ಹಾಕಿಸಿ ಕಲ್ಲಿನಂಗ ಮಾಡಿಸಿದರು, ಚೆಂಡು ತಿರುಗಬಾರದು ಅಂತ. ಬಾಳೂ 7 ವಿಕೆಟ್ ತೆಗೆದ, ಹಿಂದೂಗಳು ಗೆದ್ದರು. ಪಿಚ್ ಉರುಳಿಸೋದನ್ನೇ ನೌಕರಿ ಮಾಡಿದವನಿಗೆ ಉರುಳಿಸಿದ ಪಿಚ್ಚಿನ ಗುಟ್ಟು ಗೊತ್ತಿರದೆ ಇರ್ತದೇನು? ಊರಿನಾಗ ಆನೆಯ ಮ್ಯಾಲೆ ಕೂಡಿಸಿ ಮೆರವಣಿಗೆ ಮಾಡಿದರು. ಪುಣೆಗೆ ಬಂದ ಮ್ಯಾಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತುಂಬಿದ ಸಭೆಯಲ್ಲಿ ಅವನ ಕೊರಳಿಗೆ ಹಾರ ಹಾಕಿದರು. ಕೂಡಿ ಆಡಬಹುದಾದರೆ ಕೂಡಿ ಉಣ್ಣಲಿಕ್ಕೆ ಏನು ಅಡ್ಡಿ ಅಂತ ತಂಡದವರಿಗೆ ಬುದ್ಧಿ ಹೇಳಿದರು ಅಂತಲೂ ಹೇಳ್ತಾರೆ. ಟಿಳಕರು ಕೂಡ ಮತ್ತೊಂದು ಸಭೆಯಲ್ಲಿ ಹೊಗಳಿದರು.

ಪುಣೆಗೆ ಪ್ಲೇಗ್ ಬಂದ ಕಾಲಕ್ಕೆ ಬಾಳೂ ಮುಂಬಯಿಗೆ ಹೋದ. ಅಲ್ಲಿನ ಹಿಂದೂ ಜಿಮಖಾನಾದಲ್ಲಿ ಮತ್ತೆ ಅದೇ ತಕರಾರು ಎದ್ದಿತು, ಮತ್ತೆ ಸಮಾಧಾನ ಆಯಿತು. ರೈಲ್ವೆಯಲ್ಲಿ ನೌಕರಿ ಸಿಕ್ಕಿತು. 1906ರ ಫೆಬ್ರುವರಿಯಲ್ಲಿ ಹಿಂದೂಗಳು ಬಾಂಬೆ ಜಿಮಖಾನಾ ಮೈದಾನದಲ್ಲಿ ಯುರೋಪಿಯನ್ನರ ವಿರುದ್ಧ ಮೊದಲ ದೊಡ್ಡ ಪಂದ್ಯ ಆಡಿದರು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ಓಟಗಳಿಂದ. ಮೊದಲ ಸರದಿಯಲ್ಲಿ 3, ಎರಡನೆಯದರಲ್ಲಿ 5, ಒಟ್ಟು 8 ವಿಕೆಟ್ ಬಾಳೂನವು. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. ಆ ವರ್ಷ ದೇಶದ ಗಾಳಿಯಲ್ಲಿ ಸ್ವದೇಶಿ ಚಳವಳಿ ಇತ್ತು. ಗೋರಾಗಳನ್ನು ಅವರದೇ ಆಟದಾಗ, ಅವರದೇ ಅಂಗಳದಾಗ ಸೋಲಿಸಿದ್ದು ಸಣ್ಣ ಮಾತಲ್ಲ. ಮರುವರ್ಷವೂ ಗೆದ್ದರು.

1911ರಲ್ಲಿ ಎಲ್ಲಾ ಮತದವರನ್ನೂ ಕೂಡಿಸಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ಈ ಆಯ್ಕೆಯೂ ನೋಡುವಂಥದು. ಪಾರಸಿಗಳಿಗೆ ಇಷ್ಟು, ಹಿಂದೂಗಳಿಗೆ ಇಷ್ಟು, ಮುಸಲ್ಮಾನರಿಗೆ ಇಷ್ಟು ಅಂತ ಪಾಲು ಹಂಚಿದರು. ಕಪ್ತಾನ ಯಾರು? ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ಹತ್ತೊಂಬತ್ತರ ಹುಡುಗ. ಐದನೆಯ ಜಾರ್ಜನ ಪಟ್ಟಾಭಿಷೇಕದ ವರ್ಷ ಅದು. ಮಹಾರಾಜರು ಔತಣ, ದರಬಾರು ಅಂತ ತಿರುಗಿದರು. ತಂಡದ ಒಳ್ಳೆಯ ಬ್ಯಾಟುಗಾರ ಮಿಸ್ತ್ರಿಯನ್ನೂ ತಮ್ಮ ಜತೆ ಕರಕೊಂಡು ಹೋದರು. ತಂಡ ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ದಾಟಿದ, ಭುಜ ನೋಯುತ್ತಿದ್ದ ಬಾಳೂ ಒಬ್ಬನೇ 114 ವಿಕೆಟ್ ತೆಗೆದ. ಒಂದು ವಿಕೆಟ್ಟಿಗೆ ಕೊಟ್ಟ ಓಟ ಸರಾಸರಿ 19ಕ್ಕಿಂತ ಕಡಿಮೆ. ಕೇಂಬ್ರಿಜ್ ವಿದ್ಯಾಪೀಠದ ತಂಡದ ಮ್ಯಾಲೆ 103 ಓಟಕ್ಕೆ 8 ವಿಕೆಟ್. ಲೆಸ್ಟರ್‌ಶೈರ್, ಸಾಮರ್‌ಸೆಟ್ ತಂಡಗಳನ್ನು ಭಾರತ ಸೋಲಿಸಿತು. ಇಂಗ್ಲೆಂಡಿನ ನೆಲದಲ್ಲಿ ಭಾರತದ ಹೆಸರಿನ ತಂಡದ ಮೊದಲ ದೊಡ್ಡ ಗೆಲುವುಗಳು ಅವು.

ತಿರುಗಿ ಬಂದ ಮ್ಯಾಲೆ ಮುಂಬಯಿಯ ನಮ್ಮ ಜನ ಬಾಳೂನಿಗೆ ಸತ್ಕಾರ ಮಾಡಿದರು. ಆ ಸಭೆಯ ಮಾನಪತ್ರ ಬರೆದವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ ಅಂತ ಬಾಬಾಸಾಹೇಬರ ಚರಿತ್ರೆ ಬರೆದವರು ಹೇಳ್ತಾರೆ. ಸ್ವಲ್ಪ ಕಣ್ಣು ಮುಚ್ಚಿ ಕಲ್ಪನೆ ಮಾಡಿಕೊಳ್ಳಿರಿ. ಆಗ ನಮ್ಮ ಜನಕ್ಕೆ ದೇಶಕ್ಕೆಲ್ಲ ಗೊತ್ತಿದ್ದ ಹೆಸರು ಅಂದರೆ ಬಾಳೂ. ಭೀಮರಾವ ಇನ್ನೂ ವಿದ್ಯಾರ್ಥಿ.

ಈಗ ಕಪ್ತಾನಗಿರಿಯ ಸಂಗತಿಗೆ ಬರೋಣ. ಇಲ್ಲೇ ನನಗೆ ಸಿಟ್ಟು ಬರೋದು. ಇಷ್ಟು ಮಾಡಿದವನಿಗೆ ಹಿಂದೂ ತಂಡದ ನಾಯಕತ್ವ ಕೊಡಬೇಕೋ ಬ್ಯಾಡವೋ? ಅನುಭವದಾಗ ಹಿರಿಯ, ವಿಕೆಟ್ಟಿನಾಗ ಮುಂದು, ಆಟದ ಲೆಕ್ಕ ಬಲ್ಲವ. ವರ್ಷ ವರ್ಷ ಬೇರೆಯವರನ್ನೇ ಮಾಡಿದರು. 1913ರಲ್ಲಿ ಕಪ್ತಾನರಾದ ಎಂ. ಡಿ. ಪೈ ಅವರೇ, ಈ ಗೌರವ ಬಾಳೂನದಾಗಬೇಕಿತ್ತು ಅಂತ ಸತ್ಕಾರದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದರು. ಪೈಯವರು ದೊಡ್ಡ ಮನಸಿನವರು. ಆದರೆ ಕಮಿಟಿ ಕೇಳಲಿಲ್ಲ. 1920ರಲ್ಲಿ ಪುಣೆಯ ಪಂದ್ಯಾವಳಿಗೆ ಬಾಳೂನನ್ನು ತಂಡದಿಂದಲೇ ಬಿಟ್ಟರು. ಆಗ ವಿಠ್ಠಲ ಮತ್ತು ಶಿವರಾಮ ತಾವೂ ಆಡೋದಿಲ್ಲ ಅಂತ ಹೊರಗೆ ಬಂದರು. ಸುಮ್ಮನೆ ಬರಲಿಲ್ಲ. ಯಾಕೆ ಹೊರಗೆ ಬಂದೆವು ಅನ್ನೋದನ್ನು ಬರೆದು ಜನರ ಮುಂದೆ ಇಟ್ಟರು. ಸಂಘಟನೆ, ಹೋರಾಟ ಅಂತ ನಾವು ಈಗ ಅನ್ನೋದನ್ನ ಮೈದಾನದಾಗ ಮಾಡಿದ ಅಣ್ಣತಮ್ಮಂದಿರು ಇವರು. ಜಿಮಖಾನಾದವರು ಬಗ್ಗಿದರು. ಪಾರಸಿಗಳ ವಿರುದ್ಧದ ಕೊನೆಯ ಪಂದ್ಯಕ್ಕೆ ಬಾಳೂನನ್ನು ಕರೆದು ಉಪಕಪ್ತಾನ ಮಾಡಿದರು. ಪೈ ಮೈದಾನ ಬಿಟ್ಟು ಹೊರಗೆ ಹೋದಾಗ ಒಂದಿಷ್ಟು ಹೊತ್ತು ತಂಡ ನಡೆಸಿದವ ಬಾಳೂ. ಅಷ್ಟೇ ಅವನ ಪಾಲಿಗೆ ಬಂದದ್ದು.

1923ರಲ್ಲಿ ವಿಠ್ಠಲ ಹಿಂದೂಗಳ ಕಪ್ತಾನನಾದ. ನಾಲ್ಕು ವರ್ಷದಾಗ ಮೂರು ಸಲ, 1923, 1925, 1926ರಲ್ಲಿ, ತಂಡ ಗೆದ್ದಿತು. 1923ರ ಗೆಲುವಿನ ದಿನ ಮೇಲ್ಜಾತಿಯ ಹುಡುಗರು ಅವನನ್ನು ಹೆಗಲ ಮ್ಯಾಲೆ ಹೊತ್ತು ಕುಣಿದರು. ಅಣ್ಣನಿಗೆ ಆಗಬೇಕಾದದ್ದು ತಮ್ಮನಿಗೆ ಆಯಿತು. ಸಂತೋಷ ಪಡಬೇಕೋ, ಹನ್ನೆರಡು ವರ್ಷ ತಡ ಆಯಿತು ಅಂತ ಅಳಬೇಕೋ, ನೀವೇ ಹೇಳಿರಿ.

ಇದು ನಮ್ಮ ದೇಶದ್ದೇ ರೋಗ ಅಂತ ತಿಳೀಬ್ಯಾಡ್ರಿ. ಅಮೇರಿಕದಲ್ಲಿ ಫುಟ್‌ಬಾಲ್ ಅಂದರೆ ಬೇರೆ ಆಟ. ಎರಡು ಸಾಲು ಪೈಲ್ವಾನರು ಎದೆಗೆ ಎದೆ ಕೊಟ್ಟು ನಿಂತು ನೂಕಾಡೋ ಆಟ. ಕಬಡ್ಡಿಯಲ್ಲಿ ಹಿಡಿಯುವವರು ಇದ್ದಂಗ ಅದರಾಗ ತಡೆಯುವ ಸಾಲು ಒಂದಿರತದೆ. ಕಾಲೇಜಿನಾಗ ಆಡುವ ಹುಡುಗರನ್ನು ದುಡ್ಡಿನ ತಂಡದವರು ವರ್ಷಕ್ಕೊಮ್ಮೆ ಸಾಲಾಗಿ ಹೆಸರು ಕೂಗಿ ಆರಿಸಿಕೊಳ್ಳುತ್ತಾರೆ. ಅದಕ್ಕೆ ಮೊದಲು ಅಳತೆಯೋ ಅಳತೆ. ಈಗಂತೂ ಎತ್ತರ, ತೂಕ, ತೋಳಿನ ಉದ್ದ ಟೇಪು ಹಿಡಿದು ನೋಡ್ತಾರೆ. 40 ಗಜ ಎಷ್ಟು ಸೆಕೆಂಡಿನಾಗ ಓಡ್ತಾನ, 225 ಪೌಂಡ್ ಅಂದರೆ 102 ಕಿಲೋ ಭಾರ ಎಷ್ಟು ಸಲ ಎತ್ತತಾನ ಅಂತ ಎಣಿಸ್ತಾರೆ. ಆದರೆ 1934ರಿಂದ 1945ರ ತನಕ ಅವರ ದೊಡ್ಡ ಲೀಗಿನಾಗ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಟೇಪು ಹಿಡಿಯೋದಕ್ಕಿಂತ ಮೊದಲೇ ಬಣ್ಣ ನೋಡಿ ಬಾಗಿಲು ಹಾಕಿದ್ದರು.

ಆಮೇಲೆ ಬಾಗಿಲು ತೆರೆದರೂ ಕಣ್ಣು ತೆರೆಯಲಿಕ್ಕೆ ಹೊತ್ತು ಹಿಡಿಯಿತು. ಲೂಸಿಯಾನಾ ಪ್ರಾಂತದ ಗ್ರ್ಯಾಂಬ್ಲಿಂಗ್ ಅಂತ ಕಪ್ಪು ಜನರ ಕಾಲೇಜು. ಅಲ್ಲಿ ಬಕ್ ಬುಕ್ಯಾನನ್ ಅಂತ ಆರಡಿ ಏಳಿಂಚಿನ ಹುಡುಗ, ತಡೆಯುವ ಸಾಲಿನವ. 1963ರ ಸಾಲಿನ ಆಯ್ಕೆಯಲ್ಲಿ ಹೊಸ ಲೀಗಿನವರು ಅವನ ಹೆಸರನ್ನು ಎಲ್ಲಾರಿಗಿಂತ ಮೊದಲು ಕೂಗಿದರು. ಹಳೆಯ ಲೀಗಿನಾಗ ಅದೇ ಹುಡುಗನ ಹೆಸರು ಬಂದದ್ದು 265ನೆಯದಾಗಿ! ಅವ ಹೊಸ ಲೀಗಿಗೇ ಹೋಗ್ತಾನ ಅನ್ನೋ ಲೆಕ್ಕವೂ ಅದರಾಗ ಇದ್ದೀತು. ಆದರೆ ಕಪ್ಪು ಜನರ ಕಾಲೇಜಿನ ತನಕ ಹೋಗಿ ಆಟ ನೋಡುವ ರೂಢಿ ಹಳಬರಿಗೆ ಕಡಿಮೆ ಇತ್ತು ಅನ್ನೋದೂ ಖರೆ. ಮುಂದೆ ಅವನ ತಂಡ ಇಡೀ ದೇಶದ ಪಟ್ಟ ಗೆದ್ದಿತು. ಒಬ್ಬನೇ ಹುಡುಗ, ಒಂದೇ ಮೈ. ಒಬ್ಬರಿಗೆ 1, ಇನ್ನೊಬ್ಬರಿಗೆ 265.

ಮತ್ತೆ ಬಾಳೂನ ಕಡೆ ಬರೋಣ. ಇನ್ನು ಹೇಳಬೇಕಾದ ಭಾಗ ನಮಗೆ ಕಹಿ. ನಮ್ಮ ಸಭೆಗಳಲ್ಲಿ ಬಾಳೂನ ಫೋಟೋ ಯಾಕಿಲ್ಲ ಅಂತ ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಕಾರಣ ಇದೆ, ಮುಚ್ಚಿಡೋದು ಬ್ಯಾಡ.

1932ರಲ್ಲಿ ನಮಗೆ ಪ್ರತ್ಯೇಕ ಮತದಾನದ ಹಕ್ಕು ಬಂದಾಗ ಗಾಂಧಿಯವರು ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಬಾಬಾಸಾಹೇಬರ ಮ್ಯಾಲೆ ಎಂಥ ಒತ್ತಡ ಬಂತು ಅನ್ನೋದು ನಿಮಗೆಲ್ಲ ಬಾಯಿಪಾಠ. ಆಗ ಬಾಳೂ ಗಾಂಧಿಯವರ ಮಾತಿನ ಕಡೆ ನಿಂತವ. ಮದ್ರಾಸಿನ ಎಂ. ಸಿ. ರಾಜಾ ಅವರ ಜತೆ ಇವನೂ ಇದ್ದ. ಸೆಪ್ಟೆಂಬರ್ 24ರ ಪುಣೆ ಕರಾರಿನ ಕಾಗದದ ಮ್ಯಾಲೆ ಬಾಬಾಸಾಹೇಬರ ಸಹಿಯೂ ಇದೆ, ಬಾಳೂನ ಸಹಿಯೂ ಇದೆ. 1937ರಲ್ಲಿ ಮುಂಬಯಿ ವಿಧಾನಸಭೆಗೆ ಬಾಬಾಸಾಹೇಬರು ನಿಂತಾಗ ಅವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬೇರೆ ಯಾರನ್ನೂ ಅಲ್ಲ, ಬಾಳೂನನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳೂನಿಗೆ 11,225. ಬಾಬಾಸಾಹೇಬರು ಗೆದ್ದರು. ಆದರೆ ಅಂತರ ಬರೇ 2,020.

ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ, ತಪ್ಪಿದ್ದರೆ ಹಿರಿಯರು ತಿದ್ದಲಿ. ಬಾಳೂ ತಪ್ಪು ಕಡೆ ನಿಂತ. ಅವನ ಇಡೀ ಬದುಕೇ ಮೇಲಿನವರ ತಂಡದೊಳಗೆ ಸೇರಿಕೊಂಡು, ಅಲ್ಲಿ ತನ್ನ ಕೈಚಳಕ ತೋರಿಸಿ, ಅವರ ಮನಸು ಗೆಲ್ಲೋದರಾಗ ಹೋಗಿತ್ತು. ಕುಡಿಕೆಯಿಂದ ಬಸಿಯ ತನಕ ಬಂದಿದ್ದ. ಹಂಗೇ ಮುಂದೂ ಆದೀತು ಅಂತ ನಂಬಿದ. ಬಾಬಾಸಾಹೇಬರು ಬೇರೆ ತಂಡ ಕಟ್ಟಲಿಕ್ಕೆ ಹೊರಟವರು. ಕಪ್ತಾನಗಿರಿಗೆ ಹತ್ತು ವರ್ಷ ಆರಿಸದ ಮಂದಿ, ಬಾಬಾಸಾಹೇಬರ ವಿರುದ್ಧ ಆಡಿಸಬೇಕಾದಾಗ ಥಟ್ಟನೆ ಆರಿಸಿದರು ಅನ್ನೋದನ್ನೂ ನೋಡಿರಿ. ಅಷ್ಟರ ಸಲುವಾಗಿ ಸಾತಾರದ 7, ಮುಂಬಯಿಯ 8, ಇಂಗ್ಲೆಂಡಿನ 114 ವಿಕೆಟ್ಟುಗಳನ್ನು ನಾವು ಅಳಿಸಿ ಹಾಕಬೇಕೇನು? ಹಂಗ ಮಾಡಿದರೆ ಆ ಆಯ್ಕೆ ಕಮಿಟಿಗೂ ನಮಗೂ ಏನು ಫರಕು? ಮನೆಯೊಳಗೆ ಜಗಳಾಡಿದ ಕಾಕಾನ ಫೋಟೋ ಗೋಡೆಯಿಂದ ಇಳಿಸಿದಂಗ ಆಗ್ತದೆ.

ಬಾಳೂ ತೀರಿಕೊಂಡದ್ದು ಮುಂಬಯಿಯಲ್ಲಿ, 1955ರ ಜುಲೈ 4ರಂದು. ಬಾಬಾಸಾಹೇಬರು ಹೋಗೋದಕ್ಕೆ ಒಂದೂವರೆ ವರ್ಷ ಮೊದಲು. ದೊಡ್ಡ ದರ್ಜೆಯ ಪಂದ್ಯ ಅಂತ ಈಗ ಎಣಿಸುವ 33 ಪಂದ್ಯಗಳಲ್ಲಿ ಅವನವು 179 ವಿಕೆಟ್, ಸರಾಸರಿ 15ರ ಆಸುಪಾಸು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟೊತ್ತಿಗೆ ಅವನ ಆಟ ಮುಗಿದಿತ್ತು. ಹಂಗಾಗಿ ಟೆಸ್ಟಿನ ಪಟ್ಟಿಯಾಗ ಹುಡುಕಿದರೆ ಅವನ ಹೆಸರು ಸಿಗೋದಿಲ್ಲ.

ನಮ್ಮ ಸಾಂಗಲಿಯಲ್ಲಿ ಹುಟ್ಟಿದ ವಿಜಯ ಹಜಾರೆ, ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ, ಇವರನ್ನ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಬಾಳೂನನ್ನು ಹೇಳಿಕೊಡಬೇಕಾಗ್ತದೆ. ಮನೆಯಾಗ ಕನ್ನಡ, ಸಾಲಿಯಾಗ ಮರಾಠಿ ಇರುವ ನಮ್ಮ ಹುಡುಗರಿಗೆ ಒಂದು ಅನುಕೂಲ ಇದೆ. ತಮ್ಮ ವಿಠ್ಠಲ ತನ್ನ ಆಟದ ಬದುಕನ್ನು ಮರಾಠಿಯಲ್ಲೇ ಬರೆದಿಟ್ಟಿದ್ದಾನೆ, ಮಾಝೇ ಕ್ರೀಡಾಜೀವನ ಅಂತ. 1948ರಲ್ಲಿ ಅಚ್ಚಾದ ಪುಸ್ತಕ. ನಿಮ್ಮ ಪೈಕಿ ಯಾರಿಗಾದರೂ ಸಾಂಗಲಿ, ಮಿರಜ, ಕೊಲ್ಹಾಪುರದ ಹಳೆಯ ಪುಸ್ತಕದ ಅಂಗಡಿಯಲ್ಲಿ, ಇಲ್ಲವೇ ಯಾರದಾದರೂ ಅಜ್ಜನ ಪೆಟ್ಟಿಗೆಯಲ್ಲಿ ಅದು ಸಿಕ್ಕರೆ ಸಂಘದ ವಾಚನಾಲಯಕ್ಕೆ ತಂದು ಕೊಡಿರಿ. ಬೇಕಾದರೆ ಓದಿ ತಿರುಗಿ ಕೊಡ್ತೀವಿ. ಮೊದಲು ಓದೋದು ಆ ಎಡಗೈ ಹುಡುಗ. ಮುಂದಿನ ಆಯ್ಕೆಗೆ ಅವ ಮತ್ತೆ ಹೋಗ್ತಾನಂತೆ, ಈಗ ಸಂಜೀಕೆ ಮೈದಾನದಾಗ ಗಟ್ಟಿ ನೆಲ ಹುಡುಕಿ ಚೆಂಡು ಹಾಕುತ್ತಿದ್ದಾನೆ.